ತರಬೇತಿಯ ಸೀರೆ

"ಏ ರಾಧಿಕಾ, ನೀ ಉಡು. ನಿಂಗೇನು ನಟನೆ ಮಾಡೋದು ಬೇಕಾಗಂಗಿಲ್ಲ."

ಶರಣಕುಮಾರ ಸೀರೆಯನ್ನು ಎಸೆದ. ಕೈಚಾಚುವಷ್ಟರಲ್ಲಿ ಅದು ರಾಧಿಕಾಳ ಮುಖಕ್ಕೆ ಬಡಿದು ಮಡಿಲಿಗೆ ಜಾರಿತು. ಸುತ್ತಲೂ ಕುರ್ಚಿ ಹಾಕಿಕೊಂಡು ಕುಳಿತಿದ್ದ ಹುಡುಗ ಹುಡುಗಿಯರೆಲ್ಲ ಹೋ ಎಂದು ನಕ್ಕರು. ರಾಧಿಕಾ ಕೂಡ ನಕ್ಕಳು. ಎಲ್ಲರೂ ನಗುವಾಗ ತಾನೊಬ್ಬಳೇ ನಗದಿದ್ದರೆ ಕಣ್ಣಿಗೆ ಬೀಳುತ್ತೇನೆ ಎಂಬ ಹೆದರಿಕೆ ಅವಳಿಗೆ ಮೊದಲಿನಿಂದಲೂ ಇತ್ತು.

ವಾಡಿಯ ಸ್ಟೇಷನ್ ಹತ್ತಿರದ ಸಭಾಭವನದಲ್ಲಿ ಆ ತರಬೇತಿ ನಡೆದಿತ್ತು. ಬೆಂಗಳೂರಿನ ಒಂದು ಸಂಸ್ಥೆ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಡಿಗ್ರಿ ಮುಗಿಸಿ ಮನೆಯಲ್ಲಿ ಕುಳಿತ ಮಕ್ಕಳನ್ನು ಆರಿಸಿ, ಅವರನ್ನು ಸ್ವಯಂಸೇವಕರನ್ನಾಗಿ ತಯಾರು ಮಾಡುತ್ತಿತ್ತು. ಹಳ್ಳಿಗಳಿಗೆ ಹೋಗಿ ಬಡವರ ಸಣ್ಣಪುಟ್ಟ ವ್ಯಾಪಾರ ಬೆಳೆಸುವುದು ಹೇಗೆಂದು ಹೇಳಿಕೊಡುವುದು ಇವರ ಕೆಲಸ. ಅದಕ್ಕೆ ಮುಂಚೆ ಬಡವರ ಜೊತೆ ಮಾತಾಡುವುದು ಹೇಗೆಂದು ಇವರು ಕಲಿಯಬೇಕು. ಅದನ್ನು ಕಲಿಯಲು ಒಬ್ಬ ಬಡವಿ ಬೇಕು. ರಾವೂರ ಕೇರಿಯ ರಾಧಿಕಾ ಇದ್ದಳಲ್ಲ.

ಅವಳೂ ಬಿ.ಎ. ಮುಗಿಸಿದವಳೇ. ಅವಳ ಕೊರಳಲ್ಲೂ ‘ಸ್ವಯಂಸೇವಕಿ’ ಎಂಬ ಪಟ್ಟಿ ಇತ್ತು. ಸೀರೆ ಸುತ್ತಿಕೊಳ್ಳುವಾಗ ಅದು ಸೆರಗಿನೊಳಗೆ ಮುಚ್ಚಿಹೋಗುತ್ತಿತ್ತು.

"ಒಂದು ತಿದ್ದುಪಡಿ," ಎಂದರು ಬೆಂಗಳೂರಿನಿಂದ ಬಂದಿದ್ದ ಮೇಡಂ. ಮೃದು ಮಾತಿನ ಹೆಂಗಸು, ಖಾದಿ ಕುರ್ತಾ. "ನಾವು ಫಲಾನುಭವಿ ಅನ್ನಬಾರದು. ಆ ಪದದಲ್ಲಿ ಗೌರವ ಇಲ್ಲ. ಉದ್ಯಮಿ ಅನ್ನೋಣ. ಈಗ ಉದ್ಯಮಿ ಕೂತುಕೊಳ್ಳಲಿ."

ಉದ್ಯಮಿ ಕುಳಿತಳು. ಎದುರಿಗೆ ಶಿವರಂಜನಿ ಬಂದು ಕುಳಿತಳು. ಚಿತ್ತಾಪುರದ ಎಣ್ಣೆ ವ್ಯಾಪಾರಿಯ ಮಗಳು, ಮಾತಿನಲ್ಲಿ ಚುರುಕು, ಹಣೆಯಲ್ಲಿ ತೆಳ್ಳಗೆ ವಿಭೂತಿ.

"ಅವ್ವಾರೆ, ನಿಮ್ಮ ಕನಸೇನದ ಹೇಳ್ರಿ?"

ರಾಧಿಕಾ ಕಾಲಿನ ಹೆಬ್ಬೆರಳು ನೋಡುತ್ತ ಕುಳಿತಳು.

"ಹೇಳ್ರಿ ಅವ್ವಾರೆ, ನಾಚಬ್ಯಾಡ್ರಿ. ನಾವು ನಿಮ್ಮ ಮಕ್ಕಳಿದ್ಹಂಗ."

ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಮೇಡಂ ಚಪ್ಪಾಳೆ ತಟ್ಟಿದರು. "ನೋಡಿ, ನೋಡಿ, ಎಷ್ಟು ಸಹಜವಾಗಿ ಮಾಡಿದಳು! ನೀವು ಹಳ್ಳಿಗೆ ಹೋದಾಗ ಇದೇ ಮೌನ ಎದುರಾಗುತ್ತೆ." ಎಲ್ಲರೂ ಬರೆದುಕೊಂಡರು. ಆಮೇಲೆ ಮೇಡಂ ಸೀರೆಯ ಅಂಚು ಮುಟ್ಟಿ ನೋಡಿದರು. ಅಂಗಡಿಯ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. "ಇದು ಮಾತ್ರ ಹೊಸದು. ನಿಜ ಅನ್ನಿಸಲ್ಲ."

"ಅದಕ್ಕೇನ್ರಿ ಮೇಡಂ," ಎಂದ ಶರಣಕುಮಾರ. "ರಾಧಿಕಾ, ನಾಳಿ ನಿಮ್ಮವ್ವಂದು ಒಂದು ಹಳೀದು ತಾ. ಖಣ್ಯಾಗ ಉಟ್ಟು ಬಿಟ್ಟಿದ್ದು ಇರ್ತಾವಲ್ಲ, ಅಂಥಾದು."

ಅವನು ಈ ತರಬೇತಿಯ ಮೇಲ್ವಿಚಾರಕ. ಅವನೂ ರಾವೂರದವನೇ, ಮ್ಯಾಗಿನ ಓಣಿಯವ. ಅವಳವ್ವ ಕಲ್ಲಿನ ಖಣಿಯಲ್ಲಿ ಏನು ಉಡುತ್ತಿದ್ದಳೆಂದು ಅವನಿಗೆ ಗೊತ್ತಿತ್ತು.

"ತರ್ತೀನ್ರಿ ಸರ," ಅಂದಳು ರಾಧಿಕಾ.

ಒಲ್ಲೆ ಎನ್ನಬಹುದಿತ್ತು. ಆದರೆ ತರಬೇತಿಯ ಕೊನೆಗೆ ಎಲ್ಲರೂ ಸೇರಿ ಒಂದು ನಿಜವಾದ ವ್ಯಾಪಾರವನ್ನು ಆರಿಸಿ ಬೆಳೆಸಿ ತೋರಿಸಬೇಕಿತ್ತು. "ನಿಮ್ಮವ್ವನ ರೊಟ್ಟೀನೇ ತಗೋಳೋಣು," ಎಂದು ಅವನು ಮೊದಲ ದಿನವೇ ಹೇಳಿದ್ದ. ಆ ಒಂದು ಮಾತಿನ ಮೇಲೆ ಅವಳು ಮುಖಕ್ಕೆ ಬಿದ್ದ ಸೀರೆಯನ್ನು ದಿನಾ ಮಡಚಿಡುತ್ತಿದ್ದಳು.

*

ರಾಧಿಕಾಳ ಅವ್ವ ಅನಸುಬಾಯಿಯ ರೊಟ್ಟಿಯ ಸಪ್ಪಳಕ್ಕೆ ಕೇರಿ ಏಳುತ್ತಿತ್ತು. ಟಪ ಟಪ ಟಪ. ಅಂಗೈ ಬಿದ್ದಲ್ಲಿ ಹಿಟ್ಟು ಹಿಗ್ಗಿ, ತಿರುಗಿ, ಹಂಚಿನಗಲ ಆಗಿ, ಒದ್ದೆ ಬಟ್ಟೆಯ ನೀರು ಸವರಿಸಿಕೊಂಡು ಬೇಯುತ್ತಿತ್ತು. ಆಮೇಲೆ ಒಲೆಯ ಪಕ್ಕಕ್ಕೆ ಒರಗಿ ನಿಂತು ಸೆಟೆಯುತ್ತಿತ್ತು. ಖಡಕ್ ರೊಟ್ಟಿ. ಮುರಿದರೆ ಹಪ್ಪಳ, ಇಟ್ಟರೆ ತಿಂಗಳು.

"ಆ ಹಳೀ ಸೀರೀನಾ? ಒಯ್ಯಿ, ಒಯ್ಯಿ," ಎಂದಳು. "ಅದರ ಹಾಟ್ಯಾನ, ಇನ್ನ ಯಾತಕ್ಕ ಇಟಗೊಂಡೀನೋ. ಒಲಿ ಒರಸ್ಲಾಕ ಬರ್ತದಂತ ಇಟ್ಟಿದ್ದೆ. ನಾ ಏನ್ ಮತ್ತ ಅದು ಉಡಂಗಿಲ್ಲ."

ಅದು ಖಣಿಯ ಸೀರೆ. ನೆಲಕ್ಕೆ ಹಾಸುವ ಪರಸಿ ಕಲ್ಲು ತೆಗೆಯುವ ಖಣಿಯಲ್ಲಿ ಅವಳೂ ಗಂಡ ನಾಮದೇವನೂ ಒಟ್ಟಿಗೆ ದುಡಿದಿದ್ದರು. ಅವನು ಮಶಿನ್ನಿನ ಮುಂದೆ, ಅವಳು ಚೂರುಗಲ್ಲಿನ ಬುಟ್ಟಿ ಹೊತ್ತು. ಊರಮಂದಿಯ ಅಂಗಳಕ್ಕೆ ನುಣ್ಣನೆ ಕಲ್ಲು ಹಾಸಿ ಹಾಸಿ ನಾಮದೇವನ ಎದೆಯೊಳಗೂ ಕಲ್ಲು ಹಾಸಿಕೊಂಡಿತು. ಕೆಮ್ಮಿ ಕೆಮ್ಮಿ ಸತ್ತ. ಕಲಬುರಗಿಯ ಡಾಕ್ಟರು ಅನಸುಬಾಯಿಯ ಎದೆಯ ಫೋಟೋ ಬೆಳಕಿಗೆ ಹಿಡಿದು, "ಅವಂದು ಇದೇ ಇತ್ತು. ಇನ್ನ ಧೂಳಿಗಿ ಹೋದಿ ಅಂದ್ರ ನೀನೂ ಅವನ ಹಿಂದೇ," ಎಂದಿದ್ದರು. ಅವತ್ತಿನಿಂದ ಅವಳು ಹಂಚಿನ ಮುಂದೆ ಕುಳಿತಳು.

"ಹೊಗಿಗೂ ಕೆಮ್ಮು ಬರ್ತದಲ್ಲಬೇ," ಎಂದು ರಾಧಿಕಾ ಅಂದರೆ, "ಹೊಗಿ ಬ್ಯಾರೆ, ಧೂಳ ಬ್ಯಾರೆ," ಎನ್ನುತ್ತಿದ್ದಳು. "ಹೊಗಿ ಆದಮ್ಯಾಲ ರೊಟ್ಟಿ ಬರ್ತದ. ಧೂಳ ಆದಮ್ಯಾಲ ಹೆಣ ಬರ್ತದ."

ರೊಟ್ಟಿ ಬಡಿಯುವುದು ಕಷ್ಟವಿರಲಿಲ್ಲ, ಮಾರುವುದೇ ಕಷ್ಟ. ಕೇರಿಯ ರೊಟ್ಟಿಯನ್ನು ಕೇರಿಯವರು ಕೊಳ್ಳುವುದಿಲ್ಲ, ಅವರ ಮನೆಯಲ್ಲೇ ಹಂಚು ಇದೆ. ಊರವರು ಕೊಳ್ಳುವುದಿಲ್ಲ, ಯಾಕೆಂದು ಯಾರೂ ಹೇಳುವುದಿಲ್ಲ. ವಾಡಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಬಸವೇಶ್ವರಿ ಒಂದು ಹಾದಿ ತೋರಿಸಿದ್ದಳು. ರೊಟ್ಟಿ ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಬರಬೇಕು. ಹಿಂದಿನ ಬಾಗಿಲಿಗೆ, ಅಂಗಡಿ ತೆಗೆಯುವ ಮೊದಲು. ಮುಂದಿನ ಬಾಗಿಲಿನಿಂದ ಅದು ಬಸವೇಶ್ವರಿಯ ಗಾಜಿನ ಡಬ್ಬಿಯ ರೊಟ್ಟಿಯಾಗಿ ಹೋಗುತ್ತಿತ್ತು. ರೈಲ್ವೆ ಕ್ವಾರ್ಟರ್ಸಿನವರು, ಸಿಮೆಂಟ್ ಫ್ಯಾಕ್ಟರಿಯ ಬಾಬುಗಳು, ಶಹಾಬಾದದಿಂದ ಬರುವ ಮಾಸ್ತರುಗಳು ತಿನ್ನುತ್ತಿದ್ದರು. "ಏನ್ ರೊಟ್ರೀ ಬಸವೇಶ್ವರಕ್ಕ, ಯಾರ್ ಬಡೀತಾರ?" ಎಂದರೆ ಬಸವೇಶ್ವರಿ, "ನಮ್ಮ ಪೈಕೀನೇ, ದೊಡ್ಡವ್ವನ ಮಗಳು," ಎನ್ನುತ್ತಿದ್ದಳು.

ಅನಸುಬಾಯಿಗೆ ಅದರ ಬಗ್ಗೆ ಬೇಜಾರಿರಲಿಲ್ಲ. "ದೊಡ್ಡವ್ವನ ಮಗಳಾಗೀನಿ ನೋಡು," ಎಂದು ನಗುತ್ತಿದ್ದಳು. "ಮದಿವಿಗಿ ಕರೀತಾಳೇನೋ ಕೇಳಬೇಕು."

*

ಮರುದಿನದಿಂದ ತರಬೇತಿಯಲ್ಲಿ ಅವ್ವನ ಸೀರೆ ನಡೆಯಿತು. ಮಾಸಿದ ಹಸಿರು, ಹೆಗಲ ಮೇಲೆ ಬುಟ್ಟಿಯ ಅಂಚು ತಿಂದು ಹಾಕಿದ ತೂತು. ಮೇಡಂಗೆ ಬಹಳ ಹಿಡಿಸಿತು. ಇಂಥದ್ದು ಕಳೆದುಹೋಗಬಾರದು ಎಂದು ಪೆಟ್ಟಿಗೆಯಲ್ಲಿ ಇಡಿಸಿದರು. ಉಡುವವಳು ರಾಧಿಕಾಳೇ. ದಿನಾ ಅದನ್ನು ಸುತ್ತಿಕೊಂಡಾಗ ಅಪ್ಪನ ವಾಸನೆ ಬಂದಂತಾಗುತ್ತಿತ್ತು. ಎಷ್ಟು ತೊಳೆದರೂ ಮಡಿಕೆಯಲ್ಲಿ ಕಲ್ಲಿನ ಹಿಟ್ಟು ಉಳಿದಿತ್ತು.

ಒಂದು ದಿನ ಎಲ್ಲರೂ ಟಂಟಂ ಆಟೋ ಹತ್ತಿ ರಾವೂರ ಕೇರಿಗೆ ಬಂದರು. ನಿಜವಾದ ವ್ಯಾಪಾರ ನೋಡಲು. ಅನಸುಬಾಯಿ ಅಂಗಳ ಸಾರಿಸಿ, ಇದ್ದ ಸ್ಟೀಲ್ ಲೋಟವೆಲ್ಲ ತಿಕ್ಕಿ, ಚಹಾ ಇಟ್ಟಿದ್ದಳು.

"ಅಯ್ಯ, ನಂದು ಇವತ್ತು ಉಪವಾಸ ಅದರಿ," ಎಂದಳು ಶಿವರಂಜನಿ.

"ನಾ ಚಹಾ ಬಿಟ್ಟೀನಿ ಅನಸಕ್ಕ, ಗ್ಯಾಸ್ ಆಗ್ತದ," ಎಂದ ಶರಣಕುಮಾರ.

ಮೇಡಂ ಒಬ್ಬರೇ ಕುಡಿದರು. ಉಳಿದವರು ತಂತಮ್ಮ ಬಾಟಲಿಯ ನೀರು ಕುಡಿದರು. ಅನಸುಬಾಯಿ ತುಂಬಿದ ಲೋಟಗಳನ್ನು ಒಳಗೆ ತೆಗೆದುಕೊಂಡು ಹೋಗಿ ಮತ್ತೆ ಪಾತ್ರೆಗೆ ಸುರಿದಳು. "ಒಳ್ಳೇದಾತು, ಸಂಜೀಕ ನಮಗಾತು," ಎಂದು ಮಗಳಿಗೆ ಕಣ್ಣು ಹೊಡೆದಳು.

ಮೇಡಂ ರೊಟ್ಟಿ ಮುರಿದು ತಿಂದು, "ಇಷ್ಟು ಚೆನ್ನಾಗಿದೆ! ಇದನ್ನ ಮಾಡಿದವರು ಯಾರು ಅಂತ ಜಗತ್ತಿಗೇ ಗೊತ್ತಿಲ್ಲವಲ್ಲ!" ಎಂದರು. ಆಮೇಲೆ ಹುಡುಗರ ಕಡೆ ತಿರುಗಿ, "ಏನು ಕಲಿತಿದ್ದೀರಿ? ಗಿರಾಕಿ ಯಾವುದನ್ನ ನಂಬುತ್ತಾನೆ?"

"ಮುಖ!" ಎಂದರು ಎಲ್ಲರೂ.

ಪೊಟ್ಟಣ ಮಾಡಬೇಕು, ಮೇಲೆ ಅವ್ವನ ಚಿತ್ರ ಬರಬೇಕು, ಹೆಸರು ಬರಬೇಕು, ಊರು ಬರಬೇಕು ಎಂದು ಅಲ್ಲೇ ತೀರ್ಮಾನವಾಯಿತು. ಶಿವರಂಜನಿ ಮೊಬೈಲ್ ಎತ್ತಿದಳು. ಅನಸುಬಾಯಿಯನ್ನು ಗೋಡೆಯ ಮುಂದೆ ನಿಲ್ಲಿಸಿದರು. ಆ ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ, ಪಕ್ಕದಲ್ಲಿ ಬುದ್ಧನ ಫೋಟೋ. ಎರಡಕ್ಕೂ ನೀಲಿ ಕಾಗದದ ಹೂಮಾಲೆ.

ರಾಧಿಕಾ ಒಂದು ಹೆಜ್ಜೆ ಮುಂದೆ ಬಂದಳು. "ಮೇಡಂ, ಚಿತ್ರ... ಬ್ಯಾಡ್ರಿ."

"ಯಾಕೆ?"

ಯಾಕೆ ಎಂಬುದಕ್ಕೆ ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ಮಾತನ್ನು ಆಡಬೇಕಾದರೆ ಅವ್ವನ ಎದುರು, ಚಹಾ ಒಲ್ಲೆನೆಂದ ಇವರೆಲ್ಲರ ಎದುರು, ತನ್ನ ಬಾಯಿಯಿಂದಲೇ ತನ್ನ ಜಾತಿಯ ಹೆಸರು ಹೇಳಬೇಕು. ಅವಳು ಶರಣಕುಮಾರನ ಕಡೆ ನೋಡಿದಳು. ಅವನು ಗೋಡೆ ನೋಡಿದ, ಅನಸುಬಾಯಿಯನ್ನು ನೋಡಿದ. ಅವನಿಗೂ ಗೊತ್ತಿತ್ತು. ಅವನು ಮೊಬೈಲ್ ತೆಗೆದು ಯಾರಿಗೋ ಮೆಸೇಜ್ ಮಾಡತೊಡಗಿದ.

"ಕಾನ್ಫಿಡೆನ್ಸ್, ರಾಧಿಕಾ," ಎಂದರು ಮೇಡಂ, ಅವಳ ಭುಜ ತಟ್ಟಿ. "ನಾಚಿಕೇನೇ ನಿಮ್ಮ ಮೊದಲನೇ ಶತ್ರು. ಅಮ್ಮ, ನೀವು ಹೇಳಿ. ನಿಮ್ಮ ಫೋಟೋ ಹಾಕಲಾ?"

ಅನಸುಬಾಯಿ ಸೆರಗು ಸರಿಮಾಡಿಕೊಂಡಳು. ರೇಷನ್ ಕಾರ್ಡಿಗೆ, ಆಧಾರಿಗೆ ಬಿಟ್ಟರೆ ಅವಳ ಮುಖವನ್ನು ಯಾರೂ ಕೇಳಿದ್ದಿಲ್ಲ. "ಹಾಕ್ರಿ," ಎಂದಳು. "ದೊಡ್ಡವ್ವನ ಮಗಳಾಗಿದ್ದು ಸಾಕಾಗ್ಯಾದ. ಜರಾ ನಾನೂ ನಾನಾಗಿ ನೋಡ್ತೀನಿ." ಹಾಗೆ ಹೇಳಿ ನಕ್ಕಳು. ಆ ನಗುವೇ ಚಿತ್ರದಲ್ಲಿ ಬಂತು.

*

ಪೊಟ್ಟಣ ಚೆಂದ ಬಂದಿತ್ತು. ‘ರಾವೂರ ಅನಸುಬಾಯಿ ಖಡಕ್ ರೊಟ್ಟಿ.’ ಕೆಳಗೆ ಅವಳ ನಗು, ಹಿಂದೆ ನೀಲಿ ಮಾಲೆ ಹಾಕಿದ ಬಾಬಾಸಾಹೇಬರು. ಸ್ವಯಂಸೇವಕರೆಲ್ಲ ಸೇರಿ, ಪಟಗಳನ್ನು ತೆಗೆಸಿಕೊಳ್ಳುತ್ತ, ಬಸವೇಶ್ವರಿಯ ಅಂಗಡಿಯ ಮುಂದಿನ ಬಾಗಿಲಿನಿಂದ ಅದನ್ನು ಒಳಗೆ ಒಯ್ದರು. ಬಸವೇಶ್ವರಿಯ ಮುಖ ಸುಣ್ಣದಂತಾಯಿತು. ಅಷ್ಟು ಮಂದಿ, ಅಷ್ಟು ಮೊಬೈಲ್. ಬೇಡ ಎನ್ನಲಾರದೆ ಗಾಜಿನ ಡಬ್ಬಿಯ ಪಕ್ಕದಲ್ಲಿ ಜೋಡಿಸಿಟ್ಟಳು.

ವಾರ ತಿರುಗುವುದರೊಳಗೆ ಅನಸುಬಾಯಿಗೆ ಕರೆ ಬಂತು. ರಾಧಿಕಾಳನ್ನು ಕರೆದುಕೊಂಡು ಹೋದಳು. ರೂಢಿಯಂತೆ ಹಿಂದಿನ ಬಾಗಿಲಿಗೆ ಹೋದರೆ ಅದಕ್ಕೆ ಒಳಗಿನಿಂದ ಚಿಲಕ. ಸುತ್ತಿ ಮುಂದೆ ಬಂದರು.

"ಅಲ್ಲೇ ನಿಂದ್ರು, ಕೆಳಗ ನಿಂದ್ರು!" ಬಸವೇಶ್ವರಿ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಕೂಗಿದಳು. "ಈಗ ಮೆಟ್ಟಿಲು ಏರಬ್ಯಾಡ. ತೊಳಸೀನಿ."

ಅನಸುಬಾಯಿ ಮೆಟ್ಟಿಲ ಮೇಲಿಟ್ಟ ಕಾಲನ್ನು ತೆಗೆದಳು.

"ನಾ ನಿನಗ ಏನ್ ಕಡಿಮಿ ಮಾಡಿದ್ದೆ ಅನಸೂ? ಹಿಂದಿನ ಬಾಗಿಲದಾಗ ನಿನ್ನ ಜೀವನ ನಡದಿತ್ತಿಲ್ಲೋ? ನೀ ಸುಮ್ಮಿದ್ದಿ, ನಾ ಸುಮ್ಮಿದ್ದೆ, ಮಂದಿ ತಿಂತಿದ್ರು. ಈಗ ಹಲ್ಲ ಕಿಸದು ಮುಖ ಹಚ್ಚಿಸ್ಕೊಂಡು ಮುಂದಿನ ಬಾಗಿಲಾಗ ಬಂದಿ. ಹಿಂದ ಅಂಬೇಡ್ಕರಗ ನಿಂದ್ರಿಸ್ಕೊಂಡಿ! ಹೊಲ್ಯಾರ ಕೈದು ತಿನಿಸಿದಿ ಅಂತ ಕ್ವಾರ್ಟರ್ಸಿನ ಹೆಂಗಸರು ನನ್ನ ಮಾರಿಗಿ ಉಗುಳೋದೊಂದು ಬಾಕಿ. ನನ್ನ ಡಾಳಿ ಅಕ್ಕಿ ಸೈತ ಯಾರೂ ಒಯ್ಯವಲ್ಲರು."

"ಅವ್ವಾರೆ, ಇಷ್ಟ್ ವರ್ಷ ತಿಂದಾರಲ್ರಿ. ಯಾರಿಗಾದ್ರೂ ಹೊಟ್ಟಿ ನೋಯ್ತೇನ್ರಿ?"

"ಗೊತ್ತಿಲ್ಲದ ತಿಂದದ್ದು ಬ್ಯಾರೆ! ಗೊತ್ತಿದ್ದು ಹ್ಯಾಂಗ ತಿಂತಾರ?"

ಅಷ್ಟರಲ್ಲಿ ನಿವೃತ್ತ ಮಾಸ್ತರು ಗೊಲ್ಲಾಳಪ್ಪ ಚೀಲ ಹಿಡಿದು ಬಂದು ಮೆಟ್ಟಿಲು ಹತ್ತಿದರು. ವರ್ಷಾನುಗಟ್ಟಲೆ ಇದೇ ರೊಟ್ಟಿ ತಿಂದವರು. ರಾಧಿಕಾಳಿಗೆ ಹೈಸ್ಕೂಲಿನಲ್ಲಿ ವಚನ ಕಲಿಸಿದವರು. ಅವರು ಅವಳನ್ನು ಗುರುತಿಸಿ, ಮೆಟ್ಟಿಲು ಇಳಿದು ಹತ್ತಿರ ಬಂದು, ದನಿ ತಗ್ಗಿಸಿ ಹೇಳಿದರು:

"ಬೇಜಾರ್ ಮಾಡ್ಕೋಬ್ಯಾಡವ್ವ. ನನಗ ಹಂಗೇನಿಲ್ಲ. ಬಸವಣ್ಣನ ಮಂದಿ ನಾವು, ಕುಲ ಗಿಲ ಏನ್ ಅದ? ಖರೇ, ಮನ್ಯಾಗ ಮುದುಕಿ ಅದಾಳ, ನೋಡು. ಹಳೇ ಕಾಲದಾಕಿ. ಆಕಿ ಒಲ್ಲೆ ಅಂತಾಳ." ಮಾಸ್ತರು ಅವಳ ತಲೆಯ ಮೇಲೆ ಕೈ ಇಡಲು ಎತ್ತಿದರು. ಅಂಗಡಿಯಲ್ಲಿ ನಿಂತಿದ್ದವರ ಕಡೆ ಒಮ್ಮೆ ನೋಡಿ, ಎತ್ತಿದ ಕೈಯಿಂದ ತಮ್ಮ ಟೊಪ್ಪಿಗೆ ಸರಿಮಾಡಿಕೊಂಡರು.

ಬಸವೇಶ್ವರಿಯ ಗಂಡ ಒಳಗಿನಿಂದ ಎರಡು ಗೋಣಿಚೀಲ ಎಳೆದು ತಂದು ಮೆಟ್ಟಿಲ ಕೆಳಗೆ ಉರುಳಿಸಿದ. ಒಳಗೆ ರೊಟ್ಟಿ ಮುರಿದ ಸಪ್ಪಳ, ಒಣಗಿದ ಎಲೆಯ ಮೇಲೆ ಯಾರೋ ಓಡಿದಂತೆ. "ಒಯ್ಯಿ ರಂಡೆ," ಎಂದ. "ನಿಮ್ಮ ಕೇರ್ಯಾಗ ಹಂಚು."

ಅನಸುಬಾಯಿ ಒಂದು ಚೀಲ ತಲೆಯ ಮೇಲೆ ಎತ್ತಿಕೊಂಡಳು. ಒಂದನ್ನು ಮಗಳ ತಲೆಗೆ ಹೊರಿಸಿದಳು. ಟಂಟಂದವ ಚೀಲ ನೋಡಿ, ಒಳಗಿನ ಪೊಟ್ಟಣದ ಮೇಲಿನ ಚಿತ್ರ ನೋಡಿ, "ಇದು ನೀನೇ ಏನಬೇ? ಭಾಳ ಚೆಂದ ಬಂದಿ!" ಎಂದ.

"ಹೌದಪ್ಪಾ," ಎಂದಳು ಅನಸುಬಾಯಿ. "ಅದಕ್ಕೇ ದೃಷ್ಟಿ ಆತು."

*

ರಾಧಿಕಾ ಸಭಾಭವನಕ್ಕೆ ಹೋಗಿ ಹೇಳಿದಳು. ಜೀವನದಲ್ಲಿ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಮೇಡಂ ಕೇಳುತ್ತ ಕೇಳುತ್ತ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನನಗೆ ಗೊತ್ತೇ ಇರಲಿಲ್ಲ. ಶರಣ್, ನೀವು ಯಾಕೆ ಹೇಳಲಿಲ್ಲ?"

"ಏನ್ ಹೇಳ್ಲಿರಿ ಮೇಡಂ," ಎಂದ ಶರಣಕುಮಾರ. "ನಮ್ಮ ಕಡಿ ಈಗ ಹಂಗೆಲ್ಲ ಏನೂ ಉಳದಿಲ್ಲ ಅಂತ ನಿಮಗ ನಾನೇ ಹೇಳಿದ್ದೆ. ಊರಿನ ಇಜ್ಜತ್ ಅಂತ ಒಂದು ಇರ್ತದಲ್ರಿ." ಆಮೇಲೆ ರಾಧಿಕಾಳ ಕಡೆ ತಿರುಗಿ, ತಾಳ್ಮೆಯಿಂದ, ಪಾಠ ಹೇಳುವ ದನಿಯಲ್ಲಿ: "ನೀ ತಲಿ ಕೆಡಿಸ್ಕೋಬ್ಯಾಡ. ಮಾರ್ಕೆಟ್ ಏನ್ ಕೇಳ್ತದ ನಾವು ಅದು ಕೊಡಬೇಕು. ಶಿವರಂಜನಿ ಫೋಟೋ ಹಾಕಿ ಹೊಸಾ ಚೀಟಿ ಮಾಡಸ್ತೀನಿ. ಮುಖ ಆಕೀದು, ಕೈ ನಿಮ್ಮವ್ವಂದು. ಹಿಂದಿನಂಗೇ ಆತಲ್ಲ?"

"ನಂದೇನು ತಕರಾರಿಲ್ಲಪ್ಪಾ," ಎಂದಳು ಶಿವರಂಜನಿ, ಕೂದಲು ಸರಿಮಾಡಿಕೊಂಡು.

ಅದನ್ನೂ ಮಾಡಿ ನೋಡಿದರು. ಶರಣಕುಮಾರ ಹೊಸ ಚೀಟಿ ಹಿಡಿದುಕೊಂಡು ಬಸವೇಶ್ವರಿಯ ಅಂಗಡಿಗೆ ಹೋದ. "ಮುಖ ಬದಲಿ ಮಾಡಿದ್ರ ಕೈ ಬದಲಿ ಆಗ್ತದೇನೋ ತಮ್ಮಾ? ಈಗ ಊರಿಗೇ ಗೊತ್ತಾಗ್ಯಾದ," ಎಂದು ಆಕೆ ವಾಪಸು ಕಳಿಸಿದಳು. ಶಹಾಬಾದದಲ್ಲಿ ಕೇಳಿದರೆ, "ಅದೇ ಹೆಂಗಸಿಂದಲ್ಲ?" ಎಂದರು. ಸುದ್ದಿಗೆ ಟಂಟಂ ಬೇಕಿರಲಿಲ್ಲ, ಅದು ತಾನೇ ನಡೆದುಹೋಗಿತ್ತು. ಶಿವರಂಜನಿಯ ಚೀಟಿಗಳು ವ್ಯರ್ಥವಾಗಬಾರದೆಂದು ಸಂಸ್ಥೆಯವರು ಅವನ್ನು ಕೊಡ್ಲಿ ಗ್ರಾಮದ ಮಾಣಿಕಮ್ಮನವರ ಮಹಿಳಾ ಸಂಘಕ್ಕೆ ಕೊಟ್ಟರು. ಆ ಸಂಘದವರು ಶರಣಕುಮಾರನ ಪೈಕಿ. ರೊಟ್ಟಿ ಸ್ವಲ್ಪ ದಪ್ಪ, ಆದರೆ ಹೋಗುತ್ತಿತ್ತು. ಅನಸುಬಾಯಿಗೆಂದು ಬಂದಿದ್ದ ತೂಕದ ಕಾಟಾ, ಪೊಟ್ಟಣ ಅಂಟಿಸುವ ಮಶಿನ್ ಕೂಡ ಅಲ್ಲಿಗೇ ಹೋದವು. ಮೇಡಂ ಹೊರಡುವ ಮುಂಚೆ ರಾಧಿಕಾಳನ್ನು ಅಪ್ಪಿಕೊಂಡು, "ನಿಮ್ಮಿಂದ ನಾವು ತುಂಬಾ ಕಲಿತೆವು," ಎಂದರು. ಅವರ ಮುಂದಿನ ಪಾಠದಲ್ಲಿ ಅದು ಒಂದು ಉದಾಹರಣೆಯಾಯಿತು.

ಮನೆಯಲ್ಲಿ ಅನಸುಬಾಯಿ ಒಡೆಯದೆ ಉಳಿದ ಪೊಟ್ಟಣಗಳನ್ನು ಸುತ್ತಲೂ ಹರಡಿಕೊಂಡು, ಪರಾತದಲ್ಲಿ ನೀರಿಟ್ಟುಕೊಂಡು ಕುಳಿತಿದ್ದಳು. ಹೆಬ್ಬೆರಳು ಅದ್ದಿ ಅದ್ದಿ ಪೊಟ್ಟಣದ ಮೇಲಿನ ತನ್ನ ಮುಖವನ್ನು ಕೆರೆಯುತ್ತಿದ್ದಳು. ಮೊದಲು ಹಣೆ ಹೋಗುತ್ತಿತ್ತು, ಆಮೇಲೆ ಕಣ್ಣು. ನಗು ಮಾತ್ರ ಗಟ್ಟಿ ಅಂಟಿಕೊಂಡಿತ್ತು. ಅಲ್ಲಿ ಉಗುರು ಹಾಕಿ ಎಬ್ಬಿಸಬೇಕಾಗುತ್ತಿತ್ತು.

"ಏನ್ ಮಾಡಾಕತ್ತೀಬೇ ಯವ್ವಾ?"

"ಚೀಟಿ ಇಲ್ಲದಿದ್ರ ಎಲ್ಲ್ಯಾರ ದೂರದ ಸಂತ್ಯಾಗ ಇಡ್ಲಾಕ ಬರ್ತದ. ಚಿಂಚೋಳಿ ಕಡಿ. ಅಲ್ಲಿ ನನ್ನ ಯಾರ್ ಗುರ್ತ ಹಿಡೀತಾರ?"

ರಾಧಿಕಾ ಪಕ್ಕದಲ್ಲಿ ಕುಳಿತು ಒಂದು ಪೊಟ್ಟಣ ಎತ್ತಿಕೊಂಡಳು. ಅವ್ವನ ಮುಖದ ಮೇಲೆ ಬೆರಳಿಟ್ಟಳು. ಕೆರೆಯಲಾಗಲಿಲ್ಲ. ಹಾಗೆಯೇ ಹಿಡಿದುಕೊಂಡು ಕುಳಿತಳು.

ಚಿಂಚೋಳಿಯ ಸಂತೆಗೆ ಹೋದಳು ಅನಸುಬಾಯಿ. ಚೀಟಿ ಕಿತ್ತ ಜಾಗ ಬಿಳಿ ಬಿಳಿಯಾಗಿ ಉಳಿದಿತ್ತು. "ಇದೇನು ಹಳೇ ಮಾಲಾ? ಯಾಕ ಚೀಟಿ ಕಿತ್ತಿ? ಏನ್ ಮುಚ್ಚಿಡಾಕತ್ತಿ?" ಎಂದು ಮಂದಿ ಕೇಳಿದರು. ಯಾವ ಊರು ಎಂದರು. ಯಾರ ಪೈಕಿ ಎಂದರು. ಅವಳು ಸುಳ್ಳು ಹೇಳಲು ಬಾಯಿ ತೆರೆದಳಂತೆ. ದೊಡ್ಡವ್ವನ ಮಗಳು ಎಂಬ ಮಾತು ಈ ಸಲ ಹೊರಡಲಿಲ್ಲವಂತೆ. ಹೊತ್ತು ಒಯ್ದದ್ದನ್ನು ಹೊತ್ತು ತಂದಳು.

ಜೋಳ ತೀರಿತು. ಒಲೆ ತಣ್ಣಗಾಯಿತು. ಕೇರಿ ಸಪ್ಪಳವಿಲ್ಲದೆ ಏಳತೊಡಗಿತು. ಒಂದು ಮುಂಜಾನೆ ಅನಸುಬಾಯಿ ಟ್ರಂಕಿನ ಬಟ್ಟೆಯನ್ನೆಲ್ಲ ಹೊರಗೆಳೆದು ಹಾಕಿದ್ದಳು.

"ಆ ಹಳೀ ಸೀರಿ ಎಲ್ಲದ ರಾಧೀ?"

"ಯಾತಕ್ಕ?"

"ಮುಕ್ರಮನ ಖಣಿಗಿ ನಾಳಿಂದ ಬಾ ಅಂದಾರ. ಇದ್ದದ್ದು ಎರಡು ಸೀರಿ. ಅವನ್ನ ಧೂಳಿಗಿ ಹಾಕಿದ್ರ ಹ್ಯಾಂಗ?"

"ಡಾಕ್ಟರು ಏನಂದಾರ ನಿನಗ?"

"ಡಾಕ್ಟರು ಧೂಳ ಬ್ಯಾಡ ಅಂದಾನ. ರೊಟ್ಟಿ ಬ್ಯಾಡ ಅಂತ ಊರು ಅಂದದ." ಅನಸುಬಾಯಿ ಬಟ್ಟೆ ಮಡಚುತ್ತಲೇ ಇದ್ದಳು. "ಇಬ್ಬರ ಮಾತು ಕೇಳಿದ್ರ ಹೊಟ್ಟಿಗಿ ಏನ್ ತಿನ್ನಮು? ಸೀರಿ ತಾ."

*

ಸಭಾಭವನದಲ್ಲಿ ಹೊಸ ತಂಡದ ತರಬೇತಿ ನಡೆದಿತ್ತು. ರಾಧಿಕಾ ಬಾಗಿಲಲ್ಲಿ ನಿಂತಳು. ನಡುವೆ ಕುರ್ಚಿಯ ಮೇಲೆ ಯಾವುದೋ ಹೊಸ ಹುಡುಗಿ ಅವ್ವನ ಸೀರೆ ಉಟ್ಟು, ತಲೆಯ ತುಂಬ ಸೆರಗು ಹೊದ್ದು, ಮೂಗೆಳೆಯುತ್ತ, "ನಾವು ಬಡವರ್ರೀ, ನಮಗ ಏನೂ ತಿಳ್ಯಂಗಿಲ್ರೀ," ಎಂದು ಅಳುತ್ತಿದ್ದಳು. ಚೆನ್ನಾಗಿಯೇ ಅಳುತ್ತಿದ್ದಳು. ಎದುರಿಗೆ ಶಿವರಂಜನಿ ನಿಂತಿದ್ದಳು, ಈಗ ಅವಳೇ ಕಲಿಸುವವಳು.

"ಬಾ ಬಾ ರಾಧಿಕಾ," ಎಂದ ಶರಣಕುಮಾರ. "ಎಲ್ಲರೂ ನೋಡ್ರಿ, ನಮ್ಮ ಹಳೇ ಬ್ಯಾಚಿನ ಬೆಸ್ಟ್ ಉದ್ಯಮಿ. ಬಾ, ಮಾಡಿ ತೋರ್ಸು ಇವರಿಗಿ."

ರಾಧಿಕಾ ನೇರ ಆ ಹುಡುಗಿಯ ಹತ್ತಿರ ಹೋದಳು. "ಸೀರಿ ಬಿಚ್ಚವ್ವ," ಎಂದಳು.

"ಆಂ?"

"ನಮ್ಮವ್ವಂದು ಅದು. ಬಿಚ್ಚು."

ಹುಡುಗಿ ಅಳು ನಿಲ್ಲಿಸಿ ಶರಣಕುಮಾರನ ಕಡೆ ನೋಡಿದಳು. "ಏ, ಸೆಶನ್ ನಡದದ," ಎಂದ ಅವನು, ನಗುತ್ತಲೇ. "ಮುಗದಮ್ಯಾಲ ಮಾತಾಡಮು. ಅದು ಸಂಸ್ಥೇದು ಈಗ. ಬೇಕಾದ್ರ ನಿನಗ ಹೊಸದೊಂದು ಕೊಡಸ್ತೀನಿ."

ರಾಧಿಕಾ ಸೆರಗು ಹಿಡಿದು ಎಳೆದಳು. ಹುಡುಗಿ ಗಾಬರಿಯಾಗಿ ಎದ್ದು ನಿಂತು ಗಿರಗಿರ ತಿರುಗಿದಳು, ಚೂಡಿದಾರದ ಮೇಲಿನಿಂದ ಸೀರೆ ಸುತ್ತು ಸುತ್ತು ಬಿಚ್ಚಿ ಬಂತು. ಕುರ್ಚಿ ಉರುಳಿತು. ಯಾರೋ ಮೊಬೈಲ್ ಎತ್ತಿದರು. ಶರಣಕುಮಾರನ ನಗು ಹೋಯಿತು. ಅವನು ಮುಂದೆ ಬಂದು ಸೀರೆಯ ಇನ್ನೊಂದು ತುದಿ ಹಿಡಿದ.

"ತಲಿ ಕೆಟ್ಟದೇನು ನಿಂಗ? ಕೇರಿ ಬುದ್ಧಿ ಬಿಡಲಿಲ್ಲ ನೋಡು. ಇಷ್ಟ್ ಕಲಿಸೀವಿ..."

"ನೀ ಬಾ," ಎಂದಳು ರಾಧಿಕಾ. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ನೀ ಉಡು. ನಾಳಿ ಮುಂಜಾನಿ ಮುಕ್ರಮನ ಖಣಿಗಿ ಟೆಂಪೋ ಬರ್ತದ, ನೀ ಹತ್ತು. ಉಡ್ತೀಯೇನೋ ಭಾಡ್ಯಾ? ಇಲ್ಲಂದ್ರ ಬಿಡು. ನಮ್ಮವ್ವ ಬೆತ್ತಲ ಹೋಗಬೇಕೇನು?"

ಶರಣಕುಮಾರ ಕೈಬಿಟ್ಟ. ಅವಳು ಸೀರೆಯನ್ನು ಎದೆಗೆ ಒತ್ತಿಕೊಂಡು ಹೊರಗೆ ಬಂದಳು. ಮಡಚಲಿಲ್ಲ. ಕೊರಳಿನ ಪಟ್ಟಿಯನ್ನು ಎಲ್ಲಿ ಕಿತ್ತು ಹಾಕಿದಳೋ, ಟಂಟಂ ಹತ್ತಿದಾಗ ಅದು ಇರಲಿಲ್ಲ. ಹಿಂದಿನಿಂದ ಶಿವರಂಜನಿಯ ದನಿ ಕೇಳುತ್ತಿತ್ತು: "ಆತು, ಆತು, ಕುಂದ್ರಿ ಎಲ್ಲಾರೂ. ಹೊಸಾ ಸೀರಿ ತಗೀರಿ, ಪೆಟ್ಟಿಗ್ಯಾಗದ."

*

ಮರುದಿನ ಅನಸುಬಾಯಿ ಆ ಸೀರೆ ಉಟ್ಟು, ಕಚ್ಚೆ ಬಿಗಿದು, ಸೆರಗನ್ನು ಬೆನ್ನಿಗೆ ತಂದಾಗ ರಾಧಿಕಾ ನೋಡಿದಳು. ಬೆನ್ನಿನ ಮೇಲೆ ಕಪ್ಪು ಮಾರ್ಕರಿನಲ್ಲಿ ದಪ್ಪಗೆ ಬರೆದಿತ್ತು. ಪೆಟ್ಟಿಗೆಯಲ್ಲಿ ಬೇರೆ ಬಟ್ಟೆಯ ಜೊತೆ ಸೇರಬಾರದೆಂದು ಯಾರೋ ಗುರುತು ಹಾಕಿದ್ದರು. ರಾತ್ರಿಯೇ ಸಾಬೂನು ಹಚ್ಚಿ ತಿಕ್ಕಿದ್ದಳಂತೆ ಅನಸುಬಾಯಿ. ಹೋಗಿರಲಿಲ್ಲ.

"ಏನ್ ಬರದಾರ ರಾಧೀ ಅದು?"

"ಉದ್ಯಮಿ ಅಂತ."

"ಹಂಗಂದ್ರ?"

ರಾಧಿಕಾ ಅವ್ವನ ಸೆರಗು ಸರಿಮಾಡಿದಳು. "ತನ್ನದು ತಾ ದುಡಕೊಂಡ್ ತಿನ್ನಾಕಿ ಅಂತ."

"ಹೂಂ. ಅದಕ್ಕೇನು ಬರೀಬೇಕು?" ಎಂದಳು ಅನಸುಬಾಯಿ, ಕೆಮ್ಮಿ, ಸೆರಗಿನ ತುದಿಯನ್ನು ಮೂಗಿಗೆ ಬಾಯಿಗೆ ಸುತ್ತಿ ಹಿಂದೆ ಗಂಟು ಹಾಕಿಕೊಂಡಳು. ಕಣ್ಣೆರಡು ಮಾತ್ರ ಹೊರಗುಳಿದವು.

ಕೇರಿಯ ಬಾಯಿಗೆ ಟೆಂಪೋ ಬಂದು ನಿಂತಿತ್ತು. ಹೆಂಗಸರು ಅವಳನ್ನು ಕೈಹಿಡಿದು ಮೇಲೆಳೆದುಕೊಂಡರು. ಅವಳು ರಾಧಿಕಾಳಿಗೆ ಬೆನ್ನು ಮಾಡಿ, ಸರಳು ಹಿಡಿದು ನಿಂತಳು. ಟೆಂಪೋ ಹೊರಟಿತು. ಆ ಬರಹ ಸ್ವಲ್ಪ ದೂರದವರೆಗೆ ಓದಲು ಬರುತ್ತಿತ್ತು. ಆಮೇಲೆ ಖಣಿಯ ಹಾದಿಯ ಬಿಳಿ ಧೂಳು ಎದ್ದು, ಮೊದಲು ಅಕ್ಷರ ಮುಚ್ಚಿತು, ಆಮೇಲೆ ಸೀರೆಯ ಬಣ್ಣ, ಆಮೇಲೆ ಅವ್ವ.